ನಿಮ್ಮ ಕೈಯಲ್ಲಿರುವ ಪೆನ್ನಿ ರೆಡ್ ಯಾವ ಬಗೆಯದು?

ಪೆನ್ನಿ ರೆಡ್ ಅಪರೂಪದ ಅಂಚೆ ಚೀಟಿಯೇನಲ್ಲ. ಬ್ರಿಟನ್ನಿನಲ್ಲಿ 1841ರಿಂದ 1879ರ ಕೊನೆಯವರೆಗೂ ಜನ ಸಾಮಾನ್ಯ ಪತ್ರಗಳಿಗೆ ಅಂಟಿಸಿದ್ದು ಇದನ್ನೇ. ಆ ಕಾಲದ ಚೀಟಿಗಳಿರುವ ಹಳೇ ಆಲ್ಬಮ್ ತೆರೆದರೆ ಒಂದೆರಡಾದರೂ ಕಣ್ಣಿಗೆ ಬೀಳುತ್ತವೆ. ಎಡಕ್ಕೆ ಮುಖ ಮಾಡಿದ ವಿಕ್ಟೋರಿಯಾ ರಾಣಿ, ಮೇಲೆ ‘ಪೋಸ್ಟೇಜ್’, ಕೆಳಗೆ ‘ಒನ್ ಪೆನ್ನಿ’, ಅಷ್ಟೇ. ದೇಶದ ಹೆಸರು ಎಲ್ಲೂ ಇಲ್ಲ.

ತಲೆಬಿಸಿ ಶುರುವಾಗುವುದು ಕ್ಯಾಟಲಾಗ್ ತೆರೆದಾಗ. ಅಲ್ಲಿ ಪೆನ್ನಿ ರೆಡ್ ಒಂದಲ್ಲ, ಪುಟಗಟ್ಟಲೆ ಇದೆ. ಡೈ ಒಂದು, ಡೈ ಎರಡು, ಸಣ್ಣ ಕಿರೀಟ, ದೊಡ್ಡ ಕಿರೀಟ, 16ರ ತೂತು, 14ರ ತೂತು, ತೂತೇ ಇಲ್ಲದ್ದು, ನೀಲಿ ಕಾಗದ, ಬಿಳಿ ಕಾಗದ. ಅದರ ಮೇಲೆ ಕೆಂಪುಗಂದು, ಇಟ್ಟಿಗೆ ಬಣ್ಣ, ಗುಲಾಬಿಗೆಂಪು ಅಂತ ಬಣ್ಣಗಳ ಪಟ್ಟಿ ಬೇರೆ. ಬರಿಗಣ್ಣಿಗೆ ಎಲ್ಲವೂ ಒಂದೇ ಥರ. ಆದರೆ ಪಕ್ಕಪಕ್ಕದ ಎರಡು ಸಾಲಿನ ಬೆಲೆಯಲ್ಲಿ ಅಜಗಜಾಂತರ.

ಹೊಸಬರು ಸಾಮಾನ್ಯವಾಗಿ ಬಣ್ಣ ಹೊಂದಿಸುತ್ತಾ ಕೂರುತ್ತಾರೆ. ದಾರಿ ತಪ್ಪುವುದೇ ಅಲ್ಲಿ. ನೂರೈವತ್ತು ವರ್ಷ ದಾಟಿದ ಚೀಟಿಯ ಬಣ್ಣ ಬಿಸಿಲಿಗೆ ಮಾಸಿರಬಹುದು, ತೇವಕ್ಕೆ ಕೆಟ್ಟಿರಬಹುದು, ಯಾರೋ ತೊಳೆದೂ ಇರಬಹುದು. ತೂತಿನ ಅಂಚನ್ನು ಕತ್ತರಿಯಿಂದ ತೆಗೆಯಬಹುದು, ಇಲ್ಲದ ಕಡೆ ಹೊಸದಾಗಿ ತೂತು ಹೊಡೆಯಲೂಬಹುದು. ಉಕ್ಕಿನಲ್ಲಿ ಕೊರೆದು ಅಚ್ಚೊತ್ತಿದ ಗೆರೆಯನ್ನು ಬದಲಿಸುವುದು ಮಾತ್ರ ಬಲು ಕಷ್ಟ. ಹಾಗಾಗಿ ನಾನು ನೋಡುವ ಕ್ರಮ ಇದು: ಮೊದಲು ನಾಲ್ಕು ಮೂಲೆ, ಆಮೇಲೆ ರಾಣಿಯ ಮುಖ, ಆಮೇಲೆ ತೂತು, ಆಮೇಲೆ ವಾಟರ್‌ಮಾರ್ಕ್, ಅಂದರೆ ಕಾಗದದೊಳಗೇ ಮೂಡಿಸಿದ ಕಿರೀಟದ ಗುರುತು. ಬಣ್ಣ ಕಟ್ಟಕಡೆಗೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ತೂತು ಅಳೆಯುವ ಗೇಜ್, ತುದಿ ಚಪ್ಪಟೆಯಾದ ಚಿಮುಟ, ಕಪ್ಪು ತಟ್ಟೆ. ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು. ಎರಡು ಚೀಟಿಗಳನ್ನು ತೆರೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡುವಷ್ಟು ಸುಲಭ ಇನ್ನೊಂದಿಲ್ಲ.

ಇಷ್ಟೊಂದು ಬಗೆ ಬಂದದ್ದು ಎಲ್ಲಿಂದ?

ಇದನ್ನು ತಿಳಿದುಕೊಳ್ಳದೆ ಮುಂದೆ ಹೋದರೆ ಗುರುತುಗಳನ್ನು ಬಾಯಿಪಾಠ ಮಾಡಬೇಕಾಗುತ್ತದೆ. ತಿಳಿದರೆ ಅವು ತಾವಾಗಿಯೇ ನೆನಪಿರುತ್ತವೆ.

ಮೊದಲು ಬಂದದ್ದು 1840ರ ಮೇ ತಿಂಗಳ ಪೆನ್ನಿ ಬ್ಲ್ಯಾಕ್. ಕಪ್ಪು ಚೀಟಿಗೆ ಕೆಂಪು ಮೊಹರು ಒತ್ತುತ್ತಿದ್ದರು. ಆ ಕೆಂಪು ಶಾಯಿಯನ್ನು ಜನ ಅಳಿಸಿ, ಚೀಟಿಯನ್ನು ಮತ್ತೆ ಬಳಸಬಹುದು ಎಂಬ ಭಯ ಅಂಚೆಯವರಿಗೆ. ಅದಕ್ಕೆ 1841ರಲ್ಲಿ ತಿರುಗಾಮುರುಗಾ ಮಾಡಿದರು. ಚೀಟಿ ಕೆಂಪಾಯಿತು, ಮೊಹರು ಕಪ್ಪಾಯಿತು. ಚಿತ್ರ ಮಾತ್ರ ಅದೇ. ಕಪ್ಪು ಚೀಟಿ ಅಚ್ಚು ಹಾಕಿದ ಕೆಲವು ಪ್ಲೇಟುಗಳಲ್ಲೇ ಕೆಂಪನ್ನೂ ಅಚ್ಚು ಹಾಕಿದರು.

ಚಿತ್ರಕ್ಕೆ ಮೂಲ ವಿಲಿಯಂ ವೈಯನ್ 1837ರಲ್ಲಿ ಮಾಡಿದ ಪದಕ. ಅದನ್ನು ನೋಡಿ ಹೆನ್ರಿ ಕಾರ್ಬೋಲ್ಡ್ ಚಿತ್ರ ಬರೆದರು. ಚಾರ್ಲ್ಸ್ ಹೀತ್ ಮತ್ತು ಮಗ ಫ್ರೆಡರಿಕ್ ಹೀತ್ ಅದನ್ನು ಉಕ್ಕಿನ ತುಂಡಿನ ಮೇಲೆ ಕೊರೆದರು. ಆ ತುಂಡೇ ಡೈ. ಮುದ್ರಿಸಿದ್ದು ಲಂಡನ್ನಿನ ಪರ್ಕಿನ್ಸ್ ಬೇಕನ್ ಕಂಪನಿ. ಡೈಯನ್ನು ಗಟ್ಟಿ ಮಾಡಿ, ಮೆತ್ತನೆಯ ಉಕ್ಕಿನ ರೋಲರ್ ಅದರ ಮೇಲೆ ಒತ್ತಿ ಉರುಳಿಸಿ ಚಿತ್ರವನ್ನು ಎತ್ತಿಕೊಳ್ಳುತ್ತಿದ್ದರು. ಆ ರೋಲರನ್ನೂ ಗಟ್ಟಿ ಮಾಡಿ, ದೊಡ್ಡ ಪ್ಲೇಟಿನ ಮೇಲೆ ಒಂದೊಂದಾಗಿ 240 ಸಲ ಒತ್ತುತ್ತಿದ್ದರು. ಒಂದು ಸಾಲಿಗೆ 12 ಚೀಟಿ, ಒಟ್ಟು 20 ಸಾಲು. ಅಂದಿನ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 240 ಪೆನ್ನಿಗೆ ಒಂದು ಪೌಂಡ್. ಹಾಗಾಗಿ ಒಂದು ಸಾಲು ಒಂದು ಶಿಲ್ಲಿಂಗು, ಇಡೀ ಹಾಳೆ ಒಂದು ಪೌಂಡು.

ಇಲ್ಲಿಯವರೆಗೆ ಎಲ್ಲವೂ ಯಂತ್ರದ ಕೆಲಸ. ಮುಂದಿನದು ಕೈಕೆಲಸ. ಪ್ರತಿ ಚೀಟಿಯ ಕೆಳಗಿನ ಎರಡು ಮೂಲೆಯಲ್ಲಿ ಖಾಲಿ ಚೌಕ ಬಿಟ್ಟಿದ್ದರು. ಅಲ್ಲಿ ಒಬ್ಬ ಕೆಲಸಗಾರ ಅಕ್ಷರದ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ. ಎಡಗಡೆಯ ಅಕ್ಷರ ಸಾಲನ್ನು ಹೇಳುತ್ತದೆ, ಎ ಇಂದ ಟಿ ವರೆಗೆ. ಬಲಗಡೆಯದು ಆ ಸಾಲಿನಲ್ಲಿ ಎಷ್ಟನೆಯದು ಎಂದು ಹೇಳುತ್ತದೆ, ಎ ಇಂದ ಎಲ್ ವರೆಗೆ. ಕ್ಯೂ–ಎಚ್ ಎಂದಿದ್ದರೆ 17ನೇ ಸಾಲಿನ 8ನೇ ಚೀಟಿ. ಕೆಳಗಿನ ಬಲ ಮೂಲೆಯಲ್ಲಿ ಎಲ್ ದಾಟಿದ ಅಕ್ಷರ ಬರುವ ಹಾಗೇ ಇಲ್ಲ.

ಒಂದು ಪ್ಲೇಟಿಗೆ 480 ಅಕ್ಷರ ಹೊಡೆಯಬೇಕು. ಕೈ ಜಾರದೆ ಇರುತ್ತದೆಯೇ? ಕೆಲವು ಓರೆಯಾದವು, ಕೆಲವು ಎರಡೆರಡು ಸಲ ಬಿದ್ದವು. 1841ರ ಮಾದರಿಯ 77ನೇ ಪ್ಲೇಟಿನಲ್ಲಿ ಬಿ ಸಾಲಿನ ಮೊದಲ ಚೀಟಿಗೆ ಬಲಗಡೆಯ ಎ ಹೊಡೆಯುವುದನ್ನೇ ಮರೆತರು. ಎಡಕ್ಕೆ ಬಿ, ಬಲಕ್ಕೆ ಖಾಲಿ ಚೌಕ. ಸಂಗ್ರಹಕಾರರು ಬಾಯಿ ಬಿಡುವ ಚೀಟಿ ಅದು.

ಮೊದಲ ಭಾಗ: ಮೇಲಿನ ಮೂಲೆಯಲ್ಲಿ ನಕ್ಷತ್ರವೋ ಅಕ್ಷರವೋ?

ಇದಕ್ಕೆ ಲೂಪ್ ಕೂಡ ಬೇಡ. ಮೇಲಿನ ಎರಡು ಮೂಲೆಯಲ್ಲಿ ನಕ್ಷತ್ರದಂಥ ಹೂವು ಇದ್ದರೆ ಅದು ಹಳೆಯ ಮಾದರಿ. ನಾಲ್ಕೂ ಮೂಲೆಯಲ್ಲಿ ಅಕ್ಷರ ಇದ್ದರೆ 1864ರಿಂದ ಈಚಿನದು.

ನಾಲ್ಕು ಅಕ್ಷರ ಯಾಕೆ? ಬಳಸಿದ ಎರಡು ಚೀಟಿಗಳಿಂದ ಮೊಹರು ಬೀಳದ ಭಾಗಗಳನ್ನು ಕತ್ತರಿಸಿ, ಜೋಡಿಸಿ, ಹೊಸದೆಂಬಂತೆ ಅಂಟಿಸುವವರನ್ನು ತಡೆಯುವುದಕ್ಕೆ. ಕೆಳಗಿನ ಅಕ್ಷರಗಳೇ ಮೇಲೆ ಅದಲುಬದಲಾಗಿ ಬರುತ್ತವೆ. ಕೆಳಗೆ ಸಿ–ಎಫ್ ಇದ್ದರೆ ಮೇಲೆ ಎಫ್–ಸಿ. ಹೊಂದದಿದ್ದರೆ ತೇಪೆ ಹಾಕಿದ ಚೀಟಿ.

ನಾಲ್ಕು ಅಕ್ಷರದ್ದಾದರೆ ನಿಮ್ಮ ಕೆಲಸ ಮುಕ್ಕಾಲು ಪಾಲು ಮುಗಿಯಿತು. ಅವೆಲ್ಲಕ್ಕೂ 14ರ ತೂತು, ದೊಡ್ಡ ಕಿರೀಟದ ವಾಟರ್‌ಮಾರ್ಕ್. ಉಳಿಯುವುದು ಪ್ಲೇಟ್ ನಂಬರ್ ಒಂದೇ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ನಕ್ಷತ್ರದ ಚೀಟಿಗಳದ್ದೇ ನಿಜವಾದ ಪರೀಕ್ಷೆ.

ಅಕ್ಷರದ ಮೈಕಟ್ಟು

ನಕ್ಷತ್ರದ ಚೀಟಿಗಳಲ್ಲಿ ಕೆಳಗಿನ ಅಕ್ಷರಗಳನ್ನು ನಾಲ್ಕು ಬಗೆ ಮಾಡಿದ್ದಾರೆ. ಅಕ್ಷರದ ಉಳಿಗಳನ್ನು ಕಾಲಕಾಲಕ್ಕೆ ಬದಲಾಯಿಸಿದ್ದರಿಂದ ಬಂದ ವ್ಯತ್ಯಾಸ ಇದು.

ಮೊದಲ ಬಗೆ 1840ರಿಂದ 1852ರ ಸುಮಾರಿನವರೆಗಿನದು. ಅಕ್ಷರ ಪುಟ್ಟದು, ಚೌಕದ ಸುತ್ತಲೂ ಬೇಕಾದಷ್ಟು ಜಾಗ ಉಳಿದಿರುತ್ತದೆ. ಎರಡನೆಯದು 1852ರಿಂದ 1855. ಅಕ್ಷರ ದೊಡ್ಡದಾಯಿತು, ಗೆರೆ ದಪ್ಪವಾಯಿತು. ಮೂರನೆಯದು 1855ರಲ್ಲಿ ಶುರು. ಅಕ್ಷರ ಎತ್ತರ, ಆದರೆ ಸಪೂರ. ನಾಲ್ಕನೆಯದು 1861ರದ್ದು, 50 ಮತ್ತು 51ನೇ ಪ್ಲೇಟುಗಳಲ್ಲಿ ಮಾತ್ರ. ಅಲ್ಲಿ ಉಳಿಯಿಂದ ಹೊಡೆಯುವ ಬದಲು ಅಕ್ಷರಗಳನ್ನು ಕೈಯಿಂದಲೇ ಕೊರೆದರು. ಎತ್ತರವೂ ಹೌದು, ಅಗಲವೂ ಹೌದು. ಕೈಯಲ್ಲಿ ಕೊರೆದದ್ದರಿಂದ ಒಂದರಂತೆ ಇನ್ನೊಂದಿಲ್ಲ.

ಓದುವಾಗ ಸುಲಭ ಅನ್ನಿಸುತ್ತದೆ. ಒಂದೇ ಚೀಟಿ ಕೈಯಲ್ಲಿ ಹಿಡಿದು ‘ಇದು ಪುಟ್ಟದೋ ದೊಡ್ಡದೋ’ ಅಂದರೆ ಯಾರಿಗೂ ಹೇಳಲಾಗದು. ಯಾವುದಕ್ಕಿಂತ ಪುಟ್ಟದು? ಹೋಲಿಸಲು ಪಕ್ಕದಲ್ಲಿ ಇನ್ನೊಂದು ಬೇಕು. ಅದೂ ಅದೇ ಅಕ್ಷರ ಇರಬೇಕು. ಆರ್ ಪಕ್ಕ ಆರ್, ಜಿ ಪಕ್ಕ ಜಿ. ಐ ಮತ್ತು ಎಂ ಹೋಲಿಸಿ ದಪ್ಪ–ಸಪೂರ ಅಳೆಯಲು ಹೋದರೆ ಏನೂ ಸಿಗುವುದಿಲ್ಲ. ಮೂರು ಬಗೆಯದೂ ಖಚಿತವಾಗಿ ಗೊತ್ತಿರುವ ಮೂರು ಅಗ್ಗದ ಚೀಟಿ ಇಟ್ಟುಕೊಳ್ಳಿ. ಹರಿದಿದ್ದರೂ, ಮೂಲೆ ಮುರಿದಿದ್ದರೂ ಪರವಾಗಿಲ್ಲ, ಅಕ್ಷರ ಸ್ಪಷ್ಟವಾಗಿದ್ದರೆ ಸಾಕು. ಬೆಲೆಬಾಳುವ ಪುಸ್ತಕಕ್ಕಿಂತ ಅವು ಹೆಚ್ಚು ಕೆಲಸಕ್ಕೆ ಬರುತ್ತವೆ.

ಮಿಲಿಮೀಟರಿನಲ್ಲಿ ಅಳೆದು ತೀರ್ಮಾನ ಮಾಡುವ ಆಸೆ ಬೇಡ. ಈ ಚೀಟಿಗಳನ್ನು ಒದ್ದೆ ಮಾಡಿದ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು. ಒಣಗುವಾಗ ಕಾಗದ ಕುಗ್ಗುತ್ತದೆ, ಅದೂ ಎಲ್ಲ ಹಾಳೆ ಒಂದೇ ಅಳತೆಗೆ ಕುಗ್ಗುವುದಿಲ್ಲ. ಒಂದೇ ಪ್ಲೇಟಿನ ಎರಡು ಚೀಟಿ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುವುದು ಮಾಮೂಲು.

ಮುಖ: ಡೈ ಒಂದೋ ಎರಡೋ?

1855ರವರೆಗೆ ಬಳಸಿದ್ದು ಹೀತ್ ತಂದೆ–ಮಗ ಕೊರೆದ ಡೈ. ಆಮೇಲೆ ವಿಲಿಯಂ ಹಂಫ್ರೀಸ್ ಎಂಬ ಕೊರೆತಗಾರರು ಅದೇ ಚಿತ್ರದ ಗೆರೆಗಳನ್ನು ಆಳ ಮಾಡಿ ತಿದ್ದಿದರು. ಅದು ಡೈ ಎರಡು. ಹೊಸ ಚಿತ್ರವಲ್ಲ, ತಿದ್ದಿದ ಚಿತ್ರ. ಹಾಗಾಗಿಯೇ ಗುರುತಿಸುವುದು ಕಷ್ಟ.

ಎರಡನ್ನೂ ಅಕ್ಕಪಕ್ಕ ಇಟ್ಟು ದೂರದಿಂದ ನೋಡಿದರೆ ಡೈ ಒಂದರ ರಾಣಿಯದು ಸಪ್ಪೆ ಮುಖ, ನೆರಳು ತೆಳು. ಡೈ ಎರಡರಲ್ಲಿ ಮುಖಕ್ಕೆ ಕಳೆ ಬಂದಿದೆ. ಆದರೆ ‘ಕಳೆ’ಯನ್ನು ನಂಬಿ ದುಡ್ಡು ಕೊಡಲಾಗದು. ಲೂಪ್ ತೆಗೆದುಕೊಳ್ಳಿ.

ನಾನು ಮೊದಲು ನೋಡುವುದು ಬಾಯಿಯ ಕೊನೆ, ತುಟಿಗಳು ಸೇರುವ ಮೂಲೆ. ಡೈ ಎರಡರಲ್ಲಿ ಅಲ್ಲಿಂದ ಕೆಳಕ್ಕೆ ಒಂದು ಗಾಢ ಗೀಟು ಇಳಿಯುತ್ತದೆ. ಡೈ ಒಂದರಲ್ಲಿ ಆ ಜಾಗ ತೆಳುವಾಗಿ ಮುಗಿದುಹೋಗುತ್ತದೆ. ಅಲ್ಲಿಂದ ಕಣ್ಣು ಕೆಳಗಿಳಿಸಿ. ಕೆಳತುಟಿಗೂ ಗದ್ದಕ್ಕೂ ನಡುವೆ ಡೈ ಎರಡರಲ್ಲಿ ಬಣ್ಣ ತುಂಬಿದ ಗುಳಿ ಇದೆ. ತುಟಿಗಳೂ ಅಲ್ಲಿ ದಪ್ಪ. ಮೂಗಿನ ಹೊಳ್ಳೆ ಸ್ಪಷ್ಟವಾಗಿದೆ. ಕಣ್ಣಿಗೆ ನೆರಳು ಜಾಸ್ತಿ ಕೊಟ್ಟಿದ್ದಾರೆ, ನೋಟ ಜೀವಂತ ಅನ್ನಿಸುತ್ತದೆ.

ಇನ್ನೊಂದು ಗುರುತು ಮುಖದ ಮೇಲಿಲ್ಲ. ಕಿವಿಯ ಹಿಂದಿನಿಂದ ತುರುಬಿನವರೆಗೆ ಒಂದು ಪಟ್ಟಿ ಹೋಗುತ್ತದೆ. ಅದರ ಕೆಳಗಿನ ಅಡ್ಡಗೆರೆ ಡೈ ಎರಡರಲ್ಲಿ ದಪ್ಪ, ಡೈ ಒಂದರಲ್ಲಿ ತೆಳು. ಮೊಹರು ಮುಖದ ಮೇಲೆಯೇ ಬಿದ್ದು ಬಾಯಿ ಮೂಗು ಮುಚ್ಚಿಹೋದಾಗ ಕೈಹಿಡಿಯುವುದು ಇದೇ. ಆ ಕಾಲದ ಅಂಚೆ ಗುಮಾಸ್ತರು ಮೊಹರು ಒತ್ತುವುದರಲ್ಲಿ ಕಂಜೂಸಿ ಮಾಡಿದವರಲ್ಲ!

ಒಂದು ಎಚ್ಚರಿಕೆ ಇದೆ. ಪ್ಲೇಟ್ ಸವೆದಾಗ ಡೈ ಎರಡರ ಚೀಟಿಯೂ ಸಪ್ಪೆಯಾಗಿ ಬರುತ್ತದೆ. ಶಾಯಿ ಹೆಚ್ಚಾದಾಗ ಡೈ ಒಂದರ ಚೀಟಿಯೂ ಗಾಢವಾಗಿ ಕಾಣುತ್ತದೆ. ಹಾಗಿದ್ದಾಗ ಹೇಗೆ? ಸವೆತ ಶುರುವಾಗುವುದು ಆಳ ಕಡಿಮೆ ಇರುವ ಗೆರೆಗಳಿಂದ. ಕೆನ್ನೆ, ಕುತ್ತಿಗೆಯ ಸಣ್ಣ ನೆರಳುಗೆರೆಗಳು ಮೊದಲು ಹೋಗುತ್ತವೆ. ಬಾಯಿಯ ಕೊನೆಯ ಗೀಟು ಆಳವಾದದ್ದು, ಅದು ಕೊನೆಯವರೆಗೂ ನಿಲ್ಲುತ್ತದೆ. ಕೆನ್ನೆ ಬೋಳಾಗಿದ್ದು ಆ ಗೀಟು ಮಾತ್ರ ಗಟ್ಟಿಯಾಗಿದ್ದರೆ ಅದು ಸವೆದ ಡೈ ಎರಡು. ಇಡೀ ಮುಖ, ಅಂಚಿನ ಬಲೆ, ಹಿನ್ನೆಲೆ ಎಲ್ಲವೂ ಸಮವಾಗಿ ಕಪ್ಪಿಟ್ಟಿದ್ದರೆ ಶಾಯಿ ಹೆಚ್ಚಾಗಿದೆ ಅಂತ ಅನುಮಾನಪಡಿ.

ತೂತು: 16, 14, ಅಥವಾ ಇಲ್ಲವೇ ಇಲ್ಲ

ಮೊದಲ ಹದಿಮೂರು ವರ್ಷ ಹಾಳೆಯಿಂದ ಕತ್ತರಿಯಲ್ಲಿ ಕತ್ತರಿಸಿ ಮಾರುತ್ತಿದ್ದರು. ಹೆನ್ರಿ ಆರ್ಚರ್ ಎಂಬಾತ ತೂತು ಹೊಡೆಯುವ ಯಂತ್ರ ಮಾಡಿ, 1850ರಲ್ಲಿ ಪ್ರಯೋಗವೂ ನಡೆಯಿತು. ಸರ್ಕಾರ ಆತನಿಗೆ 4,000 ಪೌಂಡ್ ಕೊಟ್ಟು ಹಕ್ಕು ಕೊಂಡುಕೊಂಡಿತು. 1854ರಲ್ಲಿ 16ರ ತೂತಿನ ಚೀಟಿಗಳು ಮಾಮೂಲಿಯಾಗಿ ಬರತೊಡಗಿದವು. 16 ಅಂದರೆ ಎರಡು ಸೆಂಟಿಮೀಟರ್ ಉದ್ದದಲ್ಲಿ 16 ತೂತು. ತೂತುಗಳು ಹತ್ತಿರ ಹತ್ತಿರ ಇದ್ದುದರಿಂದ ಹಾಳೆ ಬೇಗ ಹರಿಯುತ್ತಿತ್ತು. ಅದಕ್ಕೆ 1855ರ ಜನವರಿಯಿಂದ 14ಕ್ಕೆ ಇಳಿಸಿದರು. ಆದರೂ ಹಳೆಯ 16ರ ಯಂತ್ರ ಪೂರ್ತಿ ಮೂಲೆ ಸೇರಲಿಲ್ಲ. 1857ರ ಕೊನೆಗೆ ಮತ್ತೆ ಸ್ವಲ್ಪ ಕಾಲ ಕೆಲಸಕ್ಕೆ ಬಂತು.

ಗೇಜ್ ಇಟ್ಟು ಅಳೆಯುವುದರಲ್ಲಿ ದೊಡ್ಡ ವಿಷಯವೇನಿಲ್ಲ. ವಿಷಯ ಇರುವುದು ಮೋಸದಲ್ಲಿ. ಕೊರೆದ ಗೆರೆ ಯಾಕೆ ಮುಖ್ಯ ಅನ್ನುವುದು ಗೊತ್ತಾಗುವುದೂ ಇಲ್ಲೇ.

ಮೊದಲ ಮೋಸ: ತೂತಿನ ಚೀಟಿಯ ಅಂಚು ಕತ್ತರಿಸಿ, ತೂತಿಲ್ಲದ ಹಳೆಯದು ಎಂದು ಮಾರುವುದು. ಅಂಚು ನೋಡಿದರೆ ನಾಲ್ಕು ಕಡೆಯೂ ಬಿಳಿ ಬಿಟ್ಟಿರುತ್ತದೆ, ಸರಿ ಅನ್ನಿಸುತ್ತದೆ. ಆಗ ಮುಖಕ್ಕೆ ಹೋಗಿ. ತೂತಿಲ್ಲದ ಕಾಲದವು ಡೈ ಒಂದರವು. ಬಾಯಿಯ ಕೊನೆಯಲ್ಲಿ ಗಾಢ ಗೀಟು ಕಂಡರೆ ಅದು ಡೈ ಎರಡು, ಅಂದರೆ ತೂತು ಬಂದ ಮೇಲಿನದು. ತೂತು ಹೊಡೆಯದೆ ತಪ್ಪಿಸಿಕೊಂಡ ಡೈ ಎರಡರ ಚೀಟಿಗಳು ಇವೆ, ಆದರೆ ಅವು ಎಣಿಸುವಷ್ಟು. ನಿಮ್ಮ ಕೈಗೆ ಬಂದಿರುವುದು ಕತ್ತರಿಸಿದ ಚೀಟಿ ಅಂತಲೇ ಮೊದಲು ಅಂದುಕೊಳ್ಳಿ. ಎತ್ತರದ ಸಪೂರ ಅಕ್ಷರ ಇದ್ದರೂ ಅದೇ ಮಾತು. ದೊಡ್ಡ ಕಿರೀಟದ ವಾಟರ್‌ಮಾರ್ಕ್ ಇದ್ದರೂ ಅದೇ ಮಾತು.

ಎರಡನೆಯದು ಇದಕ್ಕೆ ತಿರುಗುಮುರುಗು: ತೂತಿಲ್ಲದ್ದಕ್ಕೆ ತೂತು ಹೊಡೆದು ‘ಆರ್ಚರ್ ಪ್ರಯೋಗದ್ದು’ ಎನ್ನುವುದು. ಇಲ್ಲವೇ 1854ರ ಮಾಮೂಲಿ 16ರ ಚೀಟಿಯನ್ನೇ ಆರ್ಚರ್ ಎಂದು ಕರೆಯುವುದು. ಎರಡಕ್ಕೂ ತೂತಿನ ಲೆಕ್ಕ 16. ಗೇಜ್ ಇಲ್ಲಿ ಏನೂ ಹೇಳದು. ಹೇಳುವುದು ಮೂಲೆಯ ಅಕ್ಷರ. ಆರ್ಚರ್ ಪ್ರಯೋಗಕ್ಕೆ ಬಳಸಿದ್ದು 90ರಿಂದ 101ರವರೆಗಿನ ಪ್ಲೇಟುಗಳ ಹಾಳೆ, ಅಕ್ಷರ ಮೊದಲ ಬಗೆಯ ಪುಟ್ಟದ್ದು. 1854ರ ಸರ್ಕಾರಿ ತೂತಿನದ್ದಕ್ಕೆ ಎರಡನೇ ಬಗೆಯ ದಪ್ಪ ಅಕ್ಷರ. ದಪ್ಪ ಅಕ್ಷರದ ಆರ್ಚರ್ ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ. ಪುಟ್ಟ ಅಕ್ಷರ ಇದ್ದರೂ ಅಲ್ಲಿಗೇ ನಿಲ್ಲಬೇಡಿ. ಖಾಲಿ ಅಂಚಿಗೆ ಯಾರು ಬೇಕಾದರೂ ತೂತು ಹೊಡೆಯಬಹುದು. ಪ್ಲೇಟ್ ನಂಬರ್ ಗೊತ್ತಾಗದೆ ಅಂಥದ್ದಕ್ಕೆ ದೊಡ್ಡ ಬೆಲೆ ಕೊಡಬಾರದು.

ಮೊಹರಿನಿಂದಲೂ ಒಂದು ಸಹಾಯ ಇದೆ. ಮಾಲ್ಟೀಸ್ ಕ್ರಾಸ್ ಎಂಬ ಹೂವಿನಂಥ ಮೊಹರು 1844ರವರೆಗಿನದು. ಆ ವರ್ಷದಿಂದ ಊರಿಗೊಂದು ನಂಬರಿರುವ ಮೊಹರುಗಳು ಬಂದವು. ಕಪ್ಪು ಕ್ರಾಸ್ ಬಿದ್ದ ಪೆನ್ನಿ ರೆಡ್‌ಗೆ ತೂತೂ ಇದೆ ಅಂದರೆ ಎಲ್ಲೋ ಏನೋ ಎಡವಟ್ಟಾಗಿದೆ.

1855 ಎಂಬ ಗೊಂದಲದ ವರ್ಷ

ಈ ಒಂದೇ ವರ್ಷದಲ್ಲಿ ತೂತು ಬದಲಾಯಿತು, ಡೈ ಬದಲಾಯಿತು, ವಾಟರ್‌ಮಾರ್ಕ್ ಸಣ್ಣ ಕಿರೀಟದಿಂದ ದೊಡ್ಡ ಕಿರೀಟಕ್ಕೆ ಬದಲಾಯಿತು, ಕೊನೆಗೆ ಅಕ್ಷರವೂ ಬದಲಾಯಿತು. ಎಲ್ಲವೂ ಒಂದೇ ದಿನ ಆಗಿದ್ದರೆ ನಮಗೆ ಸುಲಭವಾಗುತ್ತಿತ್ತು. ಒಂದೊಂದು ಒಂದೊಂದು ತಿಂಗಳಲ್ಲಿ ಆಯಿತು, ಹಳೆಯದೂ ಹೊಸದೂ ಬೆರೆತವು.

ಒಂದು ಚೀಟಿ ಹಿಡಿದು ನೋಡೋಣ. ಮೇಲೆ ನಕ್ಷತ್ರ, ಕೆಳಗೆ ಕ್ಯೂ–ಎಚ್. ಅಕ್ಷರ ದಪ್ಪ, ಎರಡನೇ ಬಗೆ. ತೂತು 14. ಈಗ ಬಾಯಿಯ ಕೊನೆ ನೋಡಿ. ಗೀಟು ಇಲ್ಲದಿದ್ದರೆ ಡೈ ಒಂದು, 14ರ ತೂತು, ಸಣ್ಣ ಕಿರೀಟ. ಅದು 1855ರ ಆರಂಭದ ಚೀಟಿ. ಗೀಟು ಇದ್ದರೆ ಡೈ ಎರಡು. ಆಗ ಮುಂದಿನ ಪ್ರಶ್ನೆ ಬರುತ್ತದೆ. ಕಾಗದ ಸಣ್ಣ ಕಿರೀಟದ್ದೋ ದೊಡ್ಡದರದ್ದೋ? ಎರಡೂ ಇವೆ. ಮುಂಭಾಗದಲ್ಲಿ ಎಷ್ಟು ನೋಡಿದರೂ ಉತ್ತರ ಸಿಗದು, ಚೀಟಿಯನ್ನು ಮಗುಚಲೇಬೇಕು.

ಅದೇ ಅಕ್ಷರ ಎತ್ತರದ ಸಪೂರದ್ದಾಗಿ, 14ರ ತೂತು, ದೊಡ್ಡ ಕಿರೀಟ ಆಗಿದ್ದರೆ ಅದು ಮಾಮೂಲು ಗುಂಪು. ರಾಶಿಯಲ್ಲಿ ಸಿಗುವ ನಕ್ಷತ್ರದ ಚೀಟಿಗಳಲ್ಲಿ ಹೆಚ್ಚಿನವು ಇವೇ. ಮಿಕ್ಕವನ್ನು ಹುಡುಕುವವರು ಮೊದಲು ಇವನ್ನು ಬೇರೆ ಮಾಡಿ ಪಕ್ಕಕ್ಕಿಡುತ್ತಾರೆ. ಉಳಿದ ಸಣ್ಣ ಗುಡ್ಡೆಯಲ್ಲೇ ಮಜಾ ಇರುವುದು.

ಹಿಂಭಾಗ

ವಾಟರ್‌ಮಾರ್ಕ್ ನೋಡಲು ಚೀಟಿಯನ್ನು ಕಪ್ಪು ತಟ್ಟೆಯಲ್ಲಿ ಮುಖ ಕೆಳಗಾಗಿ ಇಟ್ಟು, ಅದಕ್ಕೆಂದೇ ಸಿಗುವ ದ್ರವ ಒಂದೆರಡು ಹನಿ ಹಾಕಿ. ಕಾಗದ ತೆಳುವಾಗಿರುವ ಕಡೆ ಕಿರೀಟ ಕಪ್ಪಗೆ ಮೂಡುತ್ತದೆ. ಬೆಂಕಿ ಹತ್ತುವ ದ್ರವ ಆದರೆ ದೀಪ, ಸಿಗರೇಟು ದೂರ ಇರಲಿ, ಕಿಟಕಿ ತೆರೆದಿರಲಿ. ಕಿರೀಟ ತಲೆಕೆಳಗಾಗಿದ್ದರೆ ಗಾಬರಿ ಬೇಡ. ಹಾಳೆಯನ್ನು ತಿರುಗಿಸಿ ಹಾಕಿ ಅಚ್ಚು ಮಾಡಿದ್ದಾರೆ ಅಷ್ಟೇ.

ಹಿಂಭಾಗ ತಿರುಗಿಸಿದಾಗ ಇನ್ನೊಂದು ಸೊಗಸು ಕಾಣಬಹುದು. ಹಳೆಯ ಚೀಟಿಗಳ ಕಾಗದ ನೀಲಿಗಟ್ಟಿರುತ್ತದೆ. ನೀಲಿ ಕಾಗದ ಬಳಸಿದ್ದರಿಂದ ಅಲ್ಲ, ಶಾಯಿಯಲ್ಲಿ ಬೆರೆಸುತ್ತಿದ್ದ ಪ್ರಷಿಯೇಟ್ ಆಫ್ ಪೊಟ್ಯಾಶ್ ಎಂಬ ರಾಸಾಯನಿಕ ಒದ್ದೆ ಕಾಗದದ ಜೊತೆ ಸೇರಿ ಆದ ಕೆಲಸ. ಕೆಲವು ಚೀಟಿಗಳಲ್ಲಿ ಹಿಂಭಾಗವೆಲ್ಲ ನೀಲಿ, ರಾಣಿಯ ತಲೆ ಇರುವಷ್ಟು ಜಾಗ ಮಾತ್ರ ಬಿಳಿ. ಮುಖದ ಮೇಲೆ ಶಾಯಿ ಕಡಿಮೆ ಇದ್ದುದರಿಂದ ಅಲ್ಲಿ ನೀಲಿ ಹತ್ತಿಲ್ಲ. ಇದಕ್ಕೆ ‘ಐವರಿ ಹೆಡ್’ ಅನ್ನುತ್ತಾರೆ. 1857ರ ಸುಮಾರಿಗೆ ಶಾಯಿ ಬದಲಾಗಿ ಕಾಗದ ಬೆಳ್ಳಗೆ ಉಳಿಯಿತು, ಬಣ್ಣವೂ ಗುಲಾಬಿಗೆಂಪಿಗೆ ತಿರುಗಿತು. ಹಾಗಾಗಿ ನೀಲಿ–ಬಿಳಿ ಒಳ್ಳೆಯ ಸುಳಿವೇ. ಆದರೆ ಬಹಳ ತೊಳೆದ ಚೀಟಿಯಲ್ಲಿ ಅದನ್ನು ನೆಚ್ಚಬೇಡಿ.

ಬಣ್ಣದ ಬಗ್ಗೆ ಇಷ್ಟೇ ಹೇಳುತ್ತೇನೆ. ಮೇಲಿನದೆಲ್ಲ ಮುಗಿಸಿ, ಕ್ಯಾಟಲಾಗಿನಲ್ಲಿ ಎರಡೇ ಸಾಲು ಉಳಿದಾಗ ಹಗಲು ಬೆಳಕಿನಲ್ಲಿ ನೋಡಿ. ಗೊತ್ತಿರುವ ಚೀಟಿಯ ಪಕ್ಕ ಇಟ್ಟು ನೋಡಿ. ಫೋಟೋ ನೋಡಿ ಬಣ್ಣ ತೀರ್ಮಾನಿಸಬೇಡಿ.

ಯಾವುದನ್ನು ಕೂಡಿಸುವುದು?

ಬಗೆ ಗುರುತಿಸಲು ಬಂದ ಮೇಲೆ ಹುಟ್ಟುವ ಪ್ರಶ್ನೆ ಇದು. ಮೂರು ದಾರಿ ಇವೆ, ಮೂರೂ ಬೇರೆ ಬೇರೆ ಸ್ವಭಾವದವರಿಗೆ.

ಬಗೆಗೊಂದರಂತೆ ಕೂಡಿಸುವುದು ಒಂದು. ಮೇಲೆ ಹೇಳಿದ ಗುರುತುಗಳೆಲ್ಲ ಇಲ್ಲಿ ದಿನವೂ ಕೆಲಸಕ್ಕೆ ಬರುತ್ತವೆ. ಚೀಟಿಗಳ ಸಂಖ್ಯೆ ಕಡಿಮೆ, ಕಲಿಕೆ ಜಾಸ್ತಿ. ಶುರು ಮಾಡುವವರಿಗೆ ನನ್ನ ಮತ ಇದಕ್ಕೇ.

ಎ–ಎ ಇಂದ ಟಿ–ಎಲ್ ವರೆಗೆ 240 ಚೀಟಿ ಹೊಂದಿಸಿ ಹಾಳೆ ಕಟ್ಟುವುದು ಇನ್ನೊಂದು. ಬೇರೆ ಬೇರೆ ಪ್ಲೇಟಿನವನ್ನು ಬೆರೆಸಿದರೆ ತಾಳ್ಮೆ ಇದ್ದವರಿಗೆಲ್ಲ ಆಗುತ್ತದೆ. ಒಂದೇ ಪ್ಲೇಟಿನಿಂದ ಕಟ್ಟುತ್ತೇನೆ ಅಂದರೆ ಅದು ಬೇರೆಯೇ ವ್ರತ. ನಕ್ಷತ್ರದ ಚೀಟಿಗಳ ಮೇಲೆ ಪ್ಲೇಟ್ ನಂಬರ್ ಇಲ್ಲ, ಅದು ಇದ್ದದ್ದು ಹಾಳೆಯ ಅಂಚಿನಲ್ಲಿ. ಅಕ್ಷರ ಚೌಕದಲ್ಲಿ ಎಷ್ಟು ಓರೆ, ಎಷ್ಟು ಕೆಳಗೆ, ಯಾವ ಗೆರೆಗೆ ತಾಗಿದೆ ಎಂದು ಪ್ಲೇಟ್ ಚಿತ್ರಗಳ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಕೆಲವರಿಗೆ ಅದೇ ಹುಚ್ಚು, ಇಡೀ ಜೀವನ ಅದರಲ್ಲೇ ಕಳೆಯುತ್ತಾರೆ.

ಮೂರನೆಯದು 1864ರ ನಂತರದವನ್ನು ಪ್ಲೇಟ್ ನಂಬರಿನ ಪ್ರಕಾರ ಕೂಡಿಸುವುದು. ನಂಬರ್ ಚೀಟಿಯ ಮೇಲೇ ಇದೆ. ಚೀಟಿಯನ್ನು ಮಗ್ಗುಲಿಗೆ ತಿರುಗಿಸಿ, ಎಡ ಮತ್ತು ಬಲ ಅಂಚಿನ ಬಲೆಯಂಥ ಕಸೂತಿಯ ನಡುಭಾಗದಲ್ಲಿ ಲೂಪ್ ಹಿಡಿದು ಹುಡುಕಿ. ಒಂದು ಬದಿ ಮೊಹರಿನಿಂದ ಮುಚ್ಚಿದ್ದರೆ ಇನ್ನೊಂದು ಬದಿ ಇದ್ದೇ ಇದೆ. ನಂಬರುಗಳು 71ರಿಂದ 225ರವರೆಗೆ. 75, 126, 128 ಬಳಕೆಗೆ ಬರಲಿಲ್ಲ. ಹೆಚ್ಚಿನವು ಸುಲಭವಾಗಿ ಸಿಗುತ್ತವೆ. ಕೊನೆಯ 225 ಮಾತ್ರ ಕಡಿಮೆ, ಯಾಕೆಂದರೆ ಅದನ್ನು ಅಚ್ಚು ಹಾಕಿದ ಸ್ವಲ್ಪ ಕಾಲಕ್ಕೇ, 1880ರ ಜನವರಿ 1ರಂದು, ಡೆ ಲಾ ರೂ ಕಂಪನಿಯ ಹೊಸ ಒಂದು ಪೆನ್ನಿ ಚೀಟಿ ಬಂತು. ಅದೂ ಕೆಂಪೇ, ಆದರೆ ಕೊರೆದ ಪ್ಲೇಟಿನದಲ್ಲ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಪೆನ್ನಿ ರೆಡ್‌ನಲ್ಲಿ ಶಾಯಿಯ ಗೆರೆಗಳು ಕಾಗದದಿಂದ ಸ್ವಲ್ಪ ಎದ್ದು ನಿಂತಿರುತ್ತವೆ, ಅದರಲ್ಲಿ ಇಲ್ಲ.

ಇನ್ನು ಈ ಎಣಿಕೆಯ 77ನೇ ನಂಬರ್. ಪ್ಲೇಟ್ ಮಾಡಿದರು, ಸರಿಯಿಲ್ಲವೆಂದು ತೆಗೆದಿಟ್ಟರು. ಆದರೂ ಅದರಿಂದ ಬೆರಳೆಣಿಕೆಯಷ್ಟು ಚೀಟಿ ಹೊರಬಿದ್ದವು. ಬ್ರಿಟನ್ನಿನ ಅತಿ ದುಬಾರಿ ಚೀಟಿಗಳಲ್ಲಿ ಅದೂ ಒಂದು. ಮೂಲೆಯ ಅಕ್ಷರ ಮರೆತ 77ಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಹಳೆಯ ಎಣಿಕೆಯ ಪ್ಲೇಟು. ‘77 ಸಿಕ್ಕಿತು’ ಎನ್ನುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು 177, ಅದರ 1ರ ಮೇಲೆ ಮೊಹರಿನ ಶಾಯಿ ಬಿದ್ದಿರುತ್ತದೆ. ಇಲ್ಲವೇ ಯಾರೋ 1 ಅನ್ನು ಕೆರೆದಿರುತ್ತಾರೆ. 73ರ 3 ತಿದ್ದಿ 7 ಮಾಡಿದವೂ ಇವೆ. ನೋಡುವುದು ಹೀಗೆ: 76 ಅಥವಾ 78ರ ಚೀಟಿಯನ್ನು ಪಕ್ಕದಲ್ಲಿಟ್ಟು, ಅಂಕಿಗಳು ಕಸೂತಿಯಲ್ಲಿ ಕೂತಿರುವ ಜಾಗ ಹೋಲಿಸಿ. ಮೊದಲ 7ರ ಪಕ್ಕದ ಬಲೆಯ ಗೆರೆಗಳು ಕಡಿಯದೆ ಸಾಗುತ್ತವೆಯೇ ನೋಡಿ. ಚೀಟಿಯನ್ನು ಬೆಳಕಿಗೆ ಹಿಡಿದು ಆ ಜಾಗದಲ್ಲಿ ಕಾಗದ ತೆಳುವಾಗಿದೆಯೇ ನೋಡಿ. ಎರಡೂ ಬದಿಯ ನಂಬರ್ ಒಂದೇ ಹೇಳಬೇಕು. ಇಷ್ಟೆಲ್ಲ ದಾಟಿದರೂ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಸಂಸ್ಥೆಯ ಪರೀಕ್ಷಾ ಪತ್ರ ಇಲ್ಲದೆ ಅದಕ್ಕೆ 77ರ ಬೆಲೆ ಯಾರೂ ಕೊಡುವುದಿಲ್ಲ. ನೀವೂ ಕೊಡಬೇಡಿ.